ಕಾಫಿಯಲ್ಲಿ ಬಂದ ಬೆಣ್ಣೆ

ಕಾಫಿಪುಡಿಗೆ ಅಷ್ಟೇ ಸಕ್ಕರೆ ಬೆರೆಸಿ, ಮೇಲೆ ನಾಲ್ಕು ಹನಿ ನೀರು ಬಿಟ್ಟು ಚಮಚದಲ್ಲಿ ತಿರುವಿದರೆ ಒಂದು ವಾಸನೆ ಏಳುತ್ತದೆ. ಕುದಿಯುವ ಕಾಫಿಯದಲ್ಲ, ಫಿಲ್ಟರಿನಿಂದ ಇಳಿಯುವ ಡಿಕಾಕ್ಷನ್ನಿನದೂ ಅಲ್ಲ. ಸ್ವಲ್ಪ ಸುಟ್ಟ ಹಾಗೆ, ಸ್ವಲ್ಪ ಬೆಲ್ಲದ ಪಾಕ ತಳ ಹಿಡಿದ ಹಾಗೆ... ಮೊನ್ನೆ ಮಧ್ಯಾಹ್ನ ಪಕ್ಕದ ಮನೆಯ ಕಾಲೇಜು ಹುಡುಗಿ ಐಸು ಕೇಳಿಕೊಂಡು ಬಂದವಳು ನಮ್ಮ ಅಡುಗೆಮನೆಯಲ್ಲೇ ನಿಂತು, ಬ್ಯಾಟರಿ ಹಾಕಿದ ಒಂದು ಪುಟ್ಟ ಕಡ್ಡಿಯಿಂದ ಅದನ್ನು ಗಿರ್ರೆಂದು ತಿರುಗಿಸಿದಳು. ನೋಡನೋಡುತ್ತಿದ್ದಂತೆ ಕಪ್ಪು ಹೋಗಿ ಕಂದಾಯಿತು, ಕಂದು ಹೋಗಿ ಕೆನೆ ಬಣ್ಣ ಬಂತು. ನಿಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಆಂಟಿ ಎಂದು ಕೇಳಿದಳು. ಆ ವಾಸನೆ ಆಗಲೇ ನನ್ನನ್ನು ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲಿನ ಒಂದು ಪಡಸಾಲೆಗೆ ಎಳೆದುಕೊಂಡು ಹೋಗಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ನನಗೆ ಆಗಷ್ಟೇ ಮದುವೆಯಾಗಿತ್ತು. ನಮ್ಮವರಿಗೆ ಮೈಸೂರಿನ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸ. ಮೈಸೂರಿನಲ್ಲಿ ಮನೆ ಬಾಡಿಗೆ ಕೇಳಿ ಹೌಹಾರಿದ ಅವರು, ಬಸ್ಸಿಗೆ ಅನುಕೂಲ ಎಂದು ಬಾಬುರಾಯನಕೊಪ್ಪಲಿನಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರ ಹಿಡಿದಿದ್ದರು. ನಾನು ನಾಗಮಂಗಲ ಕಡೆಯ ಬೆದ್ದಲು ಸೀಮೆಯವಳು. ನಾಲೆ ನೀರು, ಕಬ್ಬಿನ ಗದ್ದೆ, ಕೊಟ್ಟಿಗೆ ತುಂಬ ಹಸು, ಇವನ್ನೆಲ್ಲ ಒಟ್ಟಿಗೆ ಕಂಡದ್ದು ಅಲ್ಲಿಯೇ. ಮನೆಯ ಒಡತಿಯನ್ನು ಬೀದಿಯವರೆಲ್ಲ ಏನೆಂದು ಕರೆಯುತ್ತಿದ್ದರೋ, ನಾವು ಬಾಡಿಗೆಯವರು ಮಾತ್ರ ಓನರಮ್ಮ ಎನ್ನುತ್ತಿದ್ದೆವು. ಅವರಿಗೆ ಆ ಹೆಸರು ಕೇಳಿದರೆ ನಗು. ಕೊಟ್ಟಿಗೆ ಬಾಚುವವಳು ಯಾವ ಸೀಮೆ ಓನರು ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಕೆ.ಆರ್.ಪೇಟೆ ಕಡೆಯಿಂದ ಆ ಮನೆಗೆ ಸೊಸೆಯಾಗಿ ಬಂದವರು ಅವರು. ನಲವತ್ತೈದರ ಆಸುಪಾಸು ವಯಸ್ಸು, ಗಟ್ಟಿ ಮೈ, ಮೊಳಕೈವರೆಗೂ ಹಸಿರು ಹಚ್ಚೆ. ಒಬ್ಬನೇ ಮಗ ಪಾಂಡವಪುರದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ಮನೆಯಲ್ಲಿ ಅವರು, ಅವರ ಯಜಮಾನರು, ಮತ್ತು ಪಡಸಾಲೆಯ ಮಂಚದ ಮೇಲೆ ಯಜಮಾನರ ತಾಯಿ, ನಮಗೆಲ್ಲ ಅಜ್ಜಿ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ಓನರಮ್ಮ ಪಡಸಾಲೆಯ ಕಂಬಕ್ಕೆ ಕಡಗೋಲು ಕಟ್ಟಿ, ಹಗ್ಗ ಹಿಡಿದು ಮೊಸರು ಕಡೆಯಲು ಕೂರುತ್ತಿದ್ದರು. ಅಷ್ಟಗಲದ ಹೆಂಗಸು, ಹಗ್ಗ ಹಿಡಿದರೆ ತೋಳು ಬಿಟ್ಟು ಬೇರೇನೂ ಅಲುಗುತ್ತಿರಲಿಲ್ಲ. ನಾನು ನನ್ನ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತ ಅದನ್ನೇ ನೋಡುತ್ತಿದ್ದೆ. ಅಜ್ಜಿ ಮಂಚದಿಂದಲೇ ಕಿವಿ ಕೊಟ್ಟು ಕೇಳುತ್ತಿತ್ತು. ಎಷ್ಟೋ ವರ್ಷ ಅದೇ ಹಗ್ಗ ಎಳೆದ ಜೀವ ಅದು. ಸೊಸೆಗೆ ಕಡೆಯುವುದನ್ನು ಕಲಿಸಿದ್ದೂ ಅಜ್ಜಿಯೇ.

ಬೇಸಿಗೆಯ ಒಂದು ಮಧ್ಯಾಹ್ನ ನಾನು ಜಗುಲಿಯಲ್ಲಿ ಕೂತು ಲೋಟದಲ್ಲಿ ಕಾಫಿಪುಡಿ ಬಡಿಯುತ್ತಿದ್ದೆ. ಮೈಸೂರಿನಲ್ಲಿದ್ದ ನಮ್ಮ ಚಿಕ್ಕಮ್ಮನ ಮಗಳು ಕಲಿಸಿಕೊಟ್ಟ ವಿದ್ಯೆ. ಬಾಟಲಿಯಲ್ಲಿ ಬರುವ, ನೀರಿಗೆ ಹಾಕಿದ ಕೂಡಲೇ ಕರಗುವ ಪುಡಿಯೇ ಆಗಬೇಕು. ಸಕ್ಕರೆ ಸೇರಿಸಿ ಕೈ ಸೋಲುವವರೆಗೆ ಬಡಿದರೆ ನೊರೆ ಬರುತ್ತದೆ, ಅದನ್ನು ತಣ್ಣನೆ ಹಾಲಿನ ಮೇಲೆ ಬಿಟ್ಟುಕೊಂಡು ಐಸು ಹಾಕಿ ಕುಡಿಯುವುದು. ನನ್ನ ಹತ್ತಿರ ಫ್ರಿಜ್ಜಿರಲಿಲ್ಲ, ಆದ್ದರಿಂದ ನನ್ನದು ಮಡಕೆ ನೀರಿನಲ್ಲಿ ಇಟ್ಟು ತಣಿಸಿದ ಹಾಲು. ಹೊಸ ಮದುಮಗಳ ಷೋಕಿ ಎಂದರೂ ಸರಿಯೇ. ಓನರಮ್ಮ ಹುಲ್ಲಿನ ಹೊರೆ ಇಳಿಸಿ ಬಂದವರು ನಿಂತು ನೋಡಿದರು. ಕಾಫಿ ಪುಡಿಯನ್ನು ಯಾರಾದರೂ ಕಡೆಯುತ್ತಾರಾ, ಅದರಲ್ಲೇನು ಬೆಣ್ಣೆ ಬರುತ್ತದಾ ಎಂದು ಛೇಡಿಸಿದರು. ಒಂದು ಗುಟುಕು ಕೊಟ್ಟೆ. ಕುಡಿದು ಮುಖ ಕಿವಿಚಿಕೊಂಡು, ರುಚಿಯೇನೋ ಇದೆ, ಆದರೆ ಇದನ್ನು ಬೀಗರಿಗೆ ಮಾತ್ರ ಕೊಟ್ಟುಬಿಟ್ಟೀಯೆ, ಜೋಕೆ ಎಂದರು.

ಅವರು ಹೇಳಿದ್ದು ಸುಮ್ಮನಲ್ಲ. ನಮ್ಮ ಕಡೆ ಕಾಫಿ ಎಂದರೆ ಬೆಲ್ಲದ ಕಾಫಿ, ಊದಿ ಊದಿ ಕುಡಿಯುವಷ್ಟು ಬಿಸಿ. ಮನೆಗೆ ಬಂದವರಿಗೆ ಆರಿದ ಕಾಫಿ ಕೊಟ್ಟರೆ ಎದ್ದು ಹೋಗು ಎಂದಂತೆ. ಅವರ ಮನೆತನದಲ್ಲಿಯೇ, ಕಾಫಿ ಆರಿತ್ತು ಎನ್ನುವ ಒಂದೇ ಕಾರಣಕ್ಕೆ ಹೆಣ್ಣು ನೋಡಲು ಬಂದವರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ ಕತೆಯಿತ್ತು. ಓನರಮ್ಮನಿಗಂತೂ ಕಾಫಿ ಎಂದರೆ ಪ್ರಾಣ. ಬೆಳಿಗ್ಗೆ ಹಾಲು ಕರೆಯುವ ಮುಂಚೆ ಒಂದು ಲೋಟ, ಡೈರಿಯಿಂದ ಬಂದು ಒಂದು ಲೋಟ, ಸಂಜೆ ಮತ್ತೆ ಒಂದು. ಅಜ್ಜಿಗೂ ಅಷ್ಟೇ. ಅತ್ತೆ ಸೊಸೆ ಇಬ್ಬರೂ ಗೋಡೆಗೆ ಒರಗಿ ಎದುರುಬದುರು ಕೂತು, ಮಾತೇ ಆಡದೆ ಸೊರ್ ಸೊರ್ ಎಂದು ಕುಡಿಯುವುದನ್ನು ನೋಡುವುದೇ ಒಂದು ಚೆಂದ.

ಆ ವರ್ಷವೇ ಅಜ್ಜಿಯ ಬಾಯಿಗೆ ಹುಣ್ಣಾಯಿತು. ಹೊಗೆಸೊಪ್ಪು ಹಾಕುವ ಬಾಯಿ, ಸುಣ್ಣ ಹೆಚ್ಚಾಯಿತೇನೋ ಎಂದು ತುಪ್ಪ ಸವರಿಕೊಂಡು ತಿಂಗಳುಗಟ್ಟಲೆ ಕಳೆಯಿತು. ಕೊನೆಗೆ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರೆ, ಕೆಟ್ಟ ಹುಣ್ಣು, ಕರೆಂಟು ಕೊಡಬೇಕು ಎಂದರು. ಊರಿನಲ್ಲಿ ಕ್ಯಾನ್ಸರಿಗೆ ಕೊಡುವ ವಿಕಿರಣ ಚಿಕಿತ್ಸೆಗೆ ಅದೇ ಹೆಸರು. ಕೆಲವು ವಾರ ದಿನಾ ಹೋಗಿ ಬರಬೇಕು. ಓನರಮ್ಮ ಬೆಳಗಿನ ಕೆಲಸ ಮುಗಿಸಿ, ಅಜ್ಜಿಯನ್ನು ಸೊಂಟಕ್ಕೆ ಆನಿಸಿಕೊಂಡು ಮೈಸೂರು ಬಸ್ಸು ಹತ್ತುವರು, ಮಧ್ಯಾಹ್ನಕ್ಕೆ ವಾಪಸಾಗಿ ಮತ್ತೆ ಕೊಟ್ಟಿಗೆಗೆ ಇಳಿಯುವರು. ಅರ್ಧ ಮುಗಿಯುವ ಹೊತ್ತಿಗೆ ಅಜ್ಜಿಯ ಬಾಯೆಲ್ಲ ಹಸಿ ಗಾಯ. ಗಂಜಿ ಸೇರದು, ಹಾಲು ಸೇರದು, ನೀರು ಕುಡಿದರೂ ಉರಿ. ತೂಕ ಇಳಿಯುತ್ತ ಹೋಯಿತು. ಹೀಗೇ ಆದರೆ ಮೈ ತಡೆಯುವುದಿಲ್ಲ, ಕರೆಂಟು ನಿಲ್ಲಿಸಬೇಕಾಗುತ್ತದೆ, ನಡುವೆ ನಿಲ್ಲಿಸಿದರೆ ಇಷ್ಟು ದಿನ ಕೊಟ್ಟದ್ದೂ ವ್ಯರ್ಥ ಎಂದು ಡಾಕ್ಟರು ಹೇಳಿದರಂತೆ. ಏನಾದರೂ ಮಾಡಿ ಹೊಟ್ಟೆಗೆ ಇಳಿಸಿ ಎಂದು ಕಳಿಸಿದರು.

ಅಜ್ಜಿ ಕೇಳುತ್ತಿದ್ದುದು ಒಂದೇ, ಕಾಫಿ. ಬಿಸಿ ಕಾಫಿ ತುಟಿಗೆ ತಾಗಿದರೆ ಸಾಕು, ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಆರಿಸಿ ಕೊಟ್ಟರೆ ಮುಖ ತಿರುಗಿಸುತ್ತಿತ್ತು. ಮಾತು ಸ್ಪಷ್ಟವಿಲ್ಲದ ಆ ಬಾಯಿಯಲ್ಲಿಯೇ, ಆರಿಹೋದ ಕಾಫಿ ನಾಯಿಗೂ ಹುಯ್ಯುವುದಿಲ್ಲ, ನನಗೆ ಕೊಡುತ್ತೀಯಾ ಎಂದು ಕೇಳಿತು. ಸೊಸೆ ಲೋಟ ಎತ್ತಿಕೊಂಡು ಒಳಗೆ ಹೋದರು. ಆ ಸಂಜೆ ನನ್ನ ಬಾಗಿಲಿಗೆ ಬಂದು ನಿಂತರು.

"ಆವತ್ತು ಬಡೀತಿದ್ಯಲ್ಲಮ್ಮಿ ಕಾಪಿ, ಅದ್ನ ನಮ್ಮತ್ತೆಗ್ ಮಾಡ್ಕೊಡು. ಅದು ಆರೋದ್ ಕಾಪಿ ಅಲ್ಲ, ತಣ್ಣುಕ್ಕೇ ಅಂತ್ಲೇ ಮಾಡಿದ್ದು ಅಂತ ಯೋಳ್ತೀನಿ."

ಆ ಮಾತಿನ ನಾಜೂಕು ನನಗೆ ಆಗ ಹೊಳೆಯಲಿಲ್ಲ. ಆರಿದ್ದು ಬೇರೆ, ತಣ್ಣಗೆ ಎಂದೇ ಮಾಡಿದ್ದು ಬೇರೆ. ಅಜ್ಜಿಯ ಮರ್ಯಾದೆ ಉಳಿಸಿ ಹೊಟ್ಟೆ ತುಂಬಿಸುವ ದಾರಿ ಹುಡುಕಿಕೊಂಡು ಬಂದಿದ್ದರು ಅವರು.

ಐಸು ಎಲ್ಲಿ? ಯಜಮಾನರು ಸೈಕಲ್ಲು ಏರಿ ಹೊರಟು, ಕೆ.ಆರ್.ಎಸ್. ಕಡೆಯಿಂದ ಮೀನು ತರುವವನ ಡಬ್ಬದಿಂದ ಒಂದು ಗಡ್ಡೆ ಕೊಂಡು, ಗೋಣಿಯಲ್ಲಿ ಸುತ್ತಿ ತಂದರು. ಅವರಿಗೆ ಐಸೆಂದರೆ ಐಸು. ನಾನು ಬಡಿದು ಬಡಿದು ಮಾಡಿದ ಕಾಫಿಗೆ ಅದನ್ನು ಕುಟ್ಟಿ ಹಾಕಿ ಮಂಚದ ಹತ್ತಿರ ಹಿಡಿದರೆ, ಅಜ್ಜಿ ಲೋಟ ಮುಟ್ಟುವ ಮೊದಲೇ ಮಗನ ಕಡೆ ತಿರುಗಿತು. "ನಾಲ್ಗೆ ಹೋಗೈತೆ, ಮೂಗು ಹೋಗಿಲ್ಲ ಕಣ್ಲಾ." ಅಷ್ಟು ದಿನಗಳಲ್ಲಿ ಆ ಮನೆಯಲ್ಲಿ ಎಲ್ಲರೂ ನಕ್ಕದ್ದು ಆಗಲೇ. ಮಾರನೆಯ ದಿನ ಶ್ರೀರಂಗಪಟ್ಟಣದಲ್ಲಿ ಐಸ್‌ಕ್ಯಾಂಡಿ ಮಾಡುವವರ ಹತ್ತಿರ ಒಳ್ಳೆಯ ಐಸು ಸಿಕ್ಕಿತು, ಆದರೆ ನನ್ನ ಕಾಫಿ ಅಜ್ಜಿಗೆ ಆಗಲಿಲ್ಲ. ನೊರೆ ಗಾಯಕ್ಕೆ ಚುರ್ರೆಂದು ಹತ್ತಿತು. ಉಗುಳಿ, ಗೋಡೆ ಕಡೆ ತಿರುಗಿ ಮಲಗಿತು. ನನಗೆ ಅಳುವೇ ಬಂತು.

ಓನರಮ್ಮ ಅಳುವವರಲ್ಲ. ಲೋಟವನ್ನು ಮೂಗಿನ ಹತ್ತಿರ ಹಿಡಿದು, ಬೆಳಕಿಗೆ ಹಿಡಿದು ನೋಡಿದರು. ಇದರಲ್ಲಿ ಜಿಡ್ಡಿಲ್ಲ, ಗಾಯಕ್ಕೆ ಜಿಡ್ಡು ಬೇಕು, ನಾಳೆ ಕೆನೆ ಹಾಕೋಣ ಎಂದರು. ಮತ್ತೆ, ಚಮಚದಲ್ಲಿ ಇದೆಂಥ ಬಡಿಯುವುದು, ಒಳ್ಳೇ ಸೊಳ್ಳೆ ಹೊಡೆದ ಹಾಗೆ ಎಂದು ನನ್ನ ವಿದ್ಯೆಯನ್ನೂ ಒಂದು ಮಾತಿನಲ್ಲಿ ತಳ್ಳಿಹಾಕಿದರು.

ಮಾರನೆಯ ಬೆಳಿಗ್ಗೆ ಅವರು ಮಾಡಿದ್ದನ್ನು ಪ್ರಪಂಚದಲ್ಲಿ ಇನ್ನು ಯಾರೂ ಮಾಡಿರಲಿಕ್ಕಿಲ್ಲ. ನಾನು ಬಡಿದುಕೊಟ್ಟ ಕಾಫಿ, ಎರಡು ದಿನದಿಂದ ತೆಗೆದಿಟ್ಟ ಹಾಲಿನ ಕೆನೆ, ಮೇಲೆ ಒಂದಿಷ್ಟು ಹಾಲು, ಕುಟ್ಟಿದ ಐಸು, ಎಲ್ಲವನ್ನೂ ತೊಳೆದ ಗಡಿಗೆಗೆ ಹಾಕಿದರು. ಕಂಬಕ್ಕೆ ಕಡಗೋಲು ಕಟ್ಟಿದರು. ಹಗ್ಗ ಹಿಡಿದು ಕೂತರು. ಮೊದಲು ಗಡಿಗೆಯಿಂದ ತೆಳ್ಳಗೆ ಸಳಸಳ ಸದ್ದು. ಆಮೇಲೆ ನೊರೆ ಏರಿತು, ಸದ್ದು ಮೆತ್ತಗಾಯಿತು. ನಾನು ಬಗ್ಗಿ ನೋಡಿದೆ. ಗಡಿಗೆಯ ಕಂಠದವರೆಗೂ ಉಬ್ಬಿ ನಿಂತ ಕಂದು ನೊರೆ! ನಾನು ಎಷ್ಟು ಬಡಿದರೂ ಅದರ ಕಾಲು ಭಾಗ ಬರುತ್ತಿರಲಿಲ್ಲ. ಸಾಕು ನಿಲ್ಲಿಸಿ ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ. ನೊರೆ ಎನ್ನುವುದು ಕಡೆಯುವವರ ಕೈಗೆ ದಾರಿಯ ನಡುವೆ ಸಿಗುವ ಊರು, ಅಲ್ಲಿ ಯಾರೂ ಇಳಿಯುವುದಿಲ್ಲ. ಅವರ ತೋಳು ತನ್ನ ಪಾಡಿಗೆ ಹೋಗುತ್ತಲೇ ಇತ್ತು. ನೊರೆ ಕುಸಿಯಿತು. ಗಡಿಗೆಯೊಳಗೆ ಏನೋ ತಟ್ಟಿದ ಹಾಗೆ ಸದ್ದು ದಪ್ಪಗಾಯಿತು. ಓನರಮ್ಮ ಗಕ್ಕನೆ ನಿಲ್ಲಿಸಿ ಒಳಗೆ ನೋಡಿದರು. ಬೆಣ್ಣೆ ಬಂದುಬಿಟ್ಟಿತ್ತು.

ಕಾಫಿ ಬಣ್ಣದ ಬೆಣ್ಣೆ. ಐಸಿನ ಚೂರುಗಳ ನಡುವೆ ಸಣ್ಣ ಸಣ್ಣ ಮುದ್ದೆಯಾಗಿ ತೇಲುತ್ತಿತ್ತು. ಓನರಮ್ಮ ಹಣೆ ಹಣೆ ಚಚ್ಚಿಕೊಂಡರು. ಎರಡು ದಿನದ ಕೆನೆ, ಕಾಫಿಪುಡಿ, ಐಸು, ಎಲ್ಲ ಹಾಳಾಯಿತು, ಈ ಕೈಗೆ ಇನ್ನೊಂದು ಕೆಲಸ ಗೊತ್ತಿಲ್ಲ ಎಂದು ಬೈದುಕೊಂಡರು. ಬಸ್ಸಿಗೆ ಹೊತ್ತಾಗಿತ್ತು. ಅಜ್ಜಿಯ ಹೊಟ್ಟೆ ಹಿಂದಿನ ದಿನದಿಂದ ಖಾಲಿ. ಇವತ್ತು ತೂಕ ನೋಡಿ ಡಾಕ್ಟರು ಏನೆನ್ನುತ್ತಾರೋ ಎನ್ನುವ ಹೆದರಿಕೆ ಅವರ ಮುಖದಲ್ಲಿ ಕಾಣುತ್ತಿತ್ತು.

ಆಗ ಮಂಚದ ಮೇಲಿಂದ ಅಜ್ಜಿಯ ದನಿ.

"ಬೆಣ್ಣೆ ಬಂತಲ್ಲಮ್ಮಿ. ಯಾಕ್ ಸುಮ್ಕೆ ಕುಂತಿದ್ದೀಯಾ? ತತ್ತಾ ಇಲ್ಲಿ."

ಗೋಡೆ ಕಡೆ ತಿರುಗಿ ಮಲಗಿದ್ದ ಜೀವಕ್ಕೆ ಸದ್ದಿನಲ್ಲೇ ಗೊತ್ತಾಗಿತ್ತು. ಆ ಮನೆಯಲ್ಲಿ ಕಡೆದಾಗ ಮೊದಲ ಉಂಡೆಯನ್ನು ಮನೆಯ ಹಿರಿಯರ ಕೈಗೆ ಕೊಡುವುದು ರೂಢಿ. ಬಾಯಿ ಗಾಯವಾದ ಮೇಲೆ ಅಜ್ಜಿ ಅದನ್ನು ತೆಗೆದುಕೊಳ್ಳುತ್ತಿರಲಿಲ್ಲ. ಓನರಮ್ಮ ಗಡಿಗೆಯೊಳಗೆ ಕೈ ಹಾಕಿ, ನೆಲ್ಲಿಕಾಯಿಯಷ್ಟು ಉಂಡೆ ಮಾಡಿಕೊಂಡು ಮಂಚದ ಹತ್ತಿರ ಹೋದರು. ಅಜ್ಜಿ ಕೈ ಚಾಚಲಿಲ್ಲ, ಬಾಯಿ ತೆರೆಯಿತು. ನಾನು ಕಣ್ಣು ಮುಚ್ಚಿಕೊಂಡೆ. ಚೀರುತ್ತದೆ ಎಂದುಕೊಂಡಿದ್ದೆ. ಸದ್ದೇ ಇಲ್ಲ. ಕಣ್ಣು ಬಿಟ್ಟರೆ, ಅಜ್ಜಿ ಬೆಣ್ಣೆಯನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಿತ್ತು. ತಣ್ಣನೆ ಬೆಣ್ಣೆ ಕರಗಿ ಗಾಯದ ಮೇಲೆಲ್ಲ ಹರಡುತ್ತಿತ್ತೇನೋ. ಗಂಟಲು ಒಮ್ಮೆ ಅಲುಗಿತು. ಮತ್ತೊಮ್ಮೆ ಅಲುಗಿತು. ಆಮೇಲೆ ಅಜ್ಜಿ ಸೊಸೆಯ ಮುಖ ನೋಡಿ ಕೇಳಿತು, ಇದರಲ್ಲಿ ಕಾಫಿ ಇದೆಯಾ?

ಗಡಿಗೆಯಲ್ಲಿ ಉಳಿದಿದ್ದ ಸಿಹಿ ಕಾಫಿಯನ್ನು ಓನರಮ್ಮ ಒಳಲೆಯಲ್ಲಿ ಗುಟುಕು ಗುಟುಕಾಗಿ ಹಾಕಿದರು, ಎಳೆಗೂಸಿಗೆ ಹಾಕುವ ಹಾಗೆ. ಬೆಣ್ಣೆ ಸವರಿದ ಬಾಯಿಯ ಮೇಲೆ ಅದು ಉರಿಯಿಲ್ಲದೆ ಜಾರಿತು. ಒಂದು ಒಳಲೆ, ಮತ್ತೊಂದು, ಇನ್ನೊಂದು... ನಾನು ನಿಂತಲ್ಲೇ ನಿಂತಿದ್ದೆ. ಆಮೇಲೆ ಎಷ್ಟೋ ದೇವಸ್ಥಾನಕ್ಕೆ ಹೋಗಿದ್ದೇನೆ, ಎಂಥೆಂಥ ಮಂಗಳಾರತಿ ನೋಡಿದ್ದೇನೆ, ಆ ಬೆಳಿಗ್ಗೆ ಮೈ ಜುಮ್ಮೆಂದ ಹಾಗೆ ಮತ್ತೆ ಎಲ್ಲಿಯೂ ಆಗಲಿಲ್ಲ. ಓನರಮ್ಮನ ಬಲಗೈ ತುಂಬ ಕಾಫಿ ಬೆಣ್ಣೆ ಮೆತ್ತಿಕೊಂಡಿತ್ತು. ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರನ್ನು ಎಡಗೈ ಬೆನ್ನಿನಲ್ಲಿ ಒರೆಸಿಕೊಂಡು, ಬಸ್ಸು ಬರುತ್ತೆ ಏಳಿ ಅತ್ತೆ ಎಂದರು.

ಅಂದಿನಿಂದ ದಿನಾ ಅದೇ. ಮೊದಲು ಬೆಣ್ಣೆ, ಆಮೇಲೆ ಕಾಫಿ. ಯಜಮಾನರು ಐಸಿಗೆ, ನಾನು ಪುಡಿ ಬಡಿಯುವುದಕ್ಕೆ, ಅವರು ಹಗ್ಗಕ್ಕೆ. ಬೀದಿಯ ಹೆಂಗಸರು ಐಸು ತಿನ್ನಿಸಿ ಮುದುಕಿಗೆ ಶೀತ ಮಾಡುತ್ತಾರೆ ಎಂದು ಗೊಣಗಿದರು, ಆಮೇಲೆ ಅವರೇ ಬಂದು ನಿಂತು ಬಾಯಿ ಬಿಟ್ಟುಕೊಂಡು ನೋಡಿದರು. ಅಜ್ಜಿಯ ತೂಕ ಇಳಿಯುವುದು ನಿಂತಿತು. ಕರೆಂಟು ನಿಲ್ಲಲಿಲ್ಲ.

ಆ ದಿನಗಳಲ್ಲಿ ನನಗೆ ಒಂದು ವಿಷಯ ವಿಚಿತ್ರವೆನಿಸುತ್ತಿತ್ತು. ಸಿಹಿ ಸಾಕೇ, ಕಹಿ ಹೆಚ್ಚಾಯಿತೇ ಎಂದು ನೋಡಲು ಓನರಮ್ಮ ಪ್ರತಿ ಸಲ ನನ್ನ ಕೈಗೇ ಒಂದು ಹನಿ ಹಾಕುತ್ತಿದ್ದರು. ತಾವು ಮೂಸಿ ನೋಡುವರು, ಬಣ್ಣ ನೋಡುವರು, ನಾಲಿಗೆಗೆ ಮಾತ್ರ ತಾಗಿಸರು. ತಣ್ಣನೆಯದು ಅವರಿಗೆ ಹಿಡಿಸದು ಎಂದುಕೊಂಡೆ. ಒಂದು ಸಂಜೆ ಆಸ್ಪತ್ರೆಯಿಂದ ಬಂದು ಸುಸ್ತಾಗಿ ನನ್ನ ಜಗುಲಿಯ ಮೇಲೆ ಕೂತವರಿಗೆ ಹೊಗೆಯಾಡುವ ಬೆಲ್ಲದ ಕಾಫಿ ತಂದುಕೊಟ್ಟೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಹಬೆಯನ್ನು ಮುಖಕ್ಕೆ ತಂದುಕೊಂಡು ಸ್ವಲ್ಪ ಹೊತ್ತು ಇದ್ದರು. ಆಮೇಲೆ ಲೋಟವನ್ನು ನನ್ನ ಕಡೆಗೇ ಸರಿಸಿದರು.

ಅಜ್ಜಿ ಅನ್ನ ನೀರು ಬಿಟ್ಟ ವಾರದಲ್ಲಿ ಅವರು ಹೊಳೆ ದಂಡೆಯ ಅಮ್ಮನ ಗುಡಿಗೆ ಹೋಗಿ, ನೀರಿನಲ್ಲಿ ನಿಂತು ಹೇಳಿಕೊಂಡು ಬಂದಿದ್ದರಂತೆ. ಅತ್ತೆಯ ಬಾಯಿಗೆ ಅನ್ನ ಕೊಡು, ನಾನು ಉಸಿರಿರುವ ತನಕ ಕಾಫಿ ಮುಟ್ಟುವುದಿಲ್ಲ ಎಂದು. ಬೇರೇನಾದರೂ ಬಿಡಬಹುದಿತ್ತಲ್ಲ, ಹಾಗಲಕಾಯಿಯನ್ನೋ ಬದನೆಕಾಯಿಯನ್ನೋ ಎಂದೆ.

"ಇಷ್ಟ ಇಲ್ದುದ್ನ ಬುಟ್ರೆ ಅದು ಬುಟ್ಟಂಗಾಯ್ತದಾ ಮಗ? ಕೊಡಾದಾದ್ರೆ ಜೀವುಕ್ ಅಂಟ್ಕೊಂಡಿರಾದ್ನೇ ಕೊಡ್ಬೇಕು. ಅತ್ತೆ ಕಿವೀಗ್ ಮಾತ್ರ ಹಾಕ್ಬ್ಯಾಡ, ಗೊತ್ತಾದ್ರೆ ಒಂದ್ ಗುಟ್ಕೂ ಇಳಿಯಾಕಿಲ್ಲ ಅದುಕ್ಕೆ."

ಆಮೇಲೆ ಗಮನಿಸಿದೆ. ಬೆಳಿಗ್ಗೆ ಅಜ್ಜಿಯ ಎದುರು ಗೋಡೆಗೆ ಒರಗಿ ಅದೇ ಲೋಟದಲ್ಲಿ ಸೊರ್ ಎಂದು ಕುಡಿಯುತ್ತಿದ್ದರಲ್ಲ, ಅದು ಬರೀ ಬೆಲ್ಲದ ಬಿಸಿನೀರು. ಮೂಗಿನ ಕೆಳಗೆ ದಿನಾ ಕಾಫಿಯ ವಾಸನೆ ಇಟ್ಟುಕೊಂಡು, ಕೈ ತುಂಬ ಕಾಫಿ ಮೆತ್ತಿಕೊಂಡು, ಬೆರಳಿನ ತುದಿಯನ್ನೂ ನೆಕ್ಕದ ಹೆಂಗಸು. ಹಠ ಮಾಡುವವರನ್ನು ಕಂಡಿದ್ದೇನೆ. ಉಪವಾಸ ಮಾಡಿ ಊರಿಗೆಲ್ಲ ಸಾರುವವರನ್ನೂ ಕಂಡಿದ್ದೇನೆ. ಹೀಗೆ ಸದ್ದಿಲ್ಲದೆ ಬಿಟ್ಟವರನ್ನು ಇನ್ನೊಬ್ಬರನ್ನು ಕಾಣಲಿಲ್ಲ.

ಅಜ್ಜಿಯ ಚಿಕಿತ್ಸೆ ಮುಗಿಯಿತು, ಬಾಯಿ ನಿಧಾನವಾಗಿ ಮಾಗಿತು. ನಾವು ಆ ಮನೆ ಬಿಡುವ ಹೊತ್ತಿಗೆ ಅಜ್ಜಿ ಮತ್ತೆ ಬಿಸಿ ಕಾಫಿಗೆ ಬಂದಿತ್ತು, ಬೆಲ್ಲ ಕಡಿಮೆಯಾಯಿತು ಎಂದು ಸೊಸೆಯನ್ನು ಬೈಯುವಷ್ಟು ಗಟ್ಟಿಯೂ ಆಗಿತ್ತು. ಇನ್ನೂ ಕೆಲವು ವರ್ಷ ಬದುಕಿ ಹೋಯಿತು ಎಂದು ಕೇಳಿದೆ. ನಾವು ಮೈಸೂರು ಸೇರಿದೆವು. ಮೊದಮೊದಲು ಹಬ್ಬಕ್ಕೆ ಹೋಗಿ ಬರುತ್ತಿದ್ದೆವು, ಆಮೇಲೆ ವರ್ಷಕ್ಕೊಮ್ಮೆ, ಆಮೇಲೆ ಯಾರದಾದರೂ ಮದುವೆಯಲ್ಲಿ ಕಂಡರೆ ಉಂಟು... ಹೀಗೆಯೇ ಆಗುವುದು.

ಎರಡು ತಿಂಗಳ ಹಿಂದೆ ಅವರ ಮಗ ಫೋನು ಮಾಡಿದ. ಅವ್ವ ಹೋಗಿಬಿಟ್ಟಳು ಎಂದ. ಕೊಟ್ಟಿಗೆಯಿಂದ ಬಂದು, ಸುಸ್ತು ಎಂದು ಗೋಡೆಗೆ ಒರಗಿ ಕೂತವರು ಮತ್ತೆ ಏಳಲಿಲ್ಲವಂತೆ. ತಿಥಿಗೆ ಹೋದೆ. ಮನೆ ಒಡೆದು ಕಟ್ಟಿದ್ದಾರೆ. ಪಡಸಾಲೆಯಿಲ್ಲ, ಕಂಬವಿಲ್ಲ. ಯಜಮಾನರು ಎಂದೋ ತೀರಿಕೊಂಡಿದ್ದರು. ನನ್ನ ಗುರುತು ಹಿಡಿಯುವವರು ಆ ಮಗನನ್ನು ಬಿಟ್ಟರೆ ಬೀದಿಯಲ್ಲಿ ಒಂದಿಬ್ಬರು.

ಹೊತ್ತು ಮುಳುಗುವ ಸಮಯಕ್ಕೆ ಎಡೆ ಇಟ್ಟರು. ಅವರ ಫೋಟೋದ ಮುಂದೆ ಬಾಳೆ ಎಲೆ ಹಾಕಿ, ಅವರಿಗೆ ಬೇಕಾದದ್ದನ್ನೆಲ್ಲ ಸೊಸೆ ಮುತುವರ್ಜಿಯಿಂದ ಮಾಡಿಸಿದ್ದಳು. ಮುದ್ದೆ, ಸೊಪ್ಪಿನ ಸಾರು, ಕಡುಬು, ಎಲೆಅಡಿಕೆ, ಹೊಸ ಸೀರೆ. ನಾನು ಎಲೆಯನ್ನೇ ನೋಡುತ್ತಿದ್ದೆ. ಕಾಫಿ ಇಡಲಿಲ್ಲವಾ ಎಂದು ಕೇಳಿದೆ.

"ಅಯ್ಯೋ, ನಮ್ಮತ್ತೆಗೆ ಕಾಪಿ ಅಂದ್ರೆ ಆಯ್ತಿರ್ಲಿಲ್ಲ ಆಂಟಿ. ನಾನ್ ಬಂದಾಗ್ಲಿಂದ ಒಂದಿನಾನೂ ಕುಡುದಿದ್ದ ಕಂಡಿಲ್ಲ."

ಮಗನೂ ತಲೆಯಾಡಿಸಿದ. ಚಿಕ್ಕಂದಿನಲ್ಲಿ ಅವ್ವ ಕುಡಿಯುತ್ತಿದ್ದುದು ನೆನಪಿದ್ದರೂ, ಆಮೇಲೆ ಅವಳಿಗೆ ಕಾಫಿ ಸೇರದಾಯಿತು ಎಂದೇ ಅವನೂ ನಂಬಿದ್ದ. ಅಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದು ಅವರು ಹರಕೆಯ ಮಾತನ್ನು ಯಾರ ಕಿವಿಗೂ ಹಾಕಿರಲಿಲ್ಲ. ನಾನೇ ಹೇಳಿದೆ. ಗುಡಿಯ ಮುಂದೆ ಹೊಳೆಯಲ್ಲಿ ನಿಂತದ್ದನ್ನು, ಉಸಿರಿರುವ ತನಕ ಎಂದದ್ದನ್ನು, ಬೆಲ್ಲದ ನೀರನ್ನು, ಎಲ್ಲವನ್ನೂ ಹೇಳಿದೆ. ಹೇಳಬೇಡ ಎಂದಿದ್ದು ಅಜ್ಜಿಗೆ ಮಾತ್ರ, ಅಜ್ಜಿಯೂ ಈಗಿಲ್ಲ. ಮಗ ಎದ್ದು ಹೊರಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟ. ಸೊಸೆ ಒಳಗೆ ಹೋಗಿ ಒಲೆ ಹಚ್ಚಿದಳು.

ಬೆಲ್ಲದ ಕಾಫಿ. ಲೋಟದ ಅಂಚಿನವರೆಗೂ ತುಂಬಿ, ಸೆರಗಿನಲ್ಲಿ ಹಿಡಿದುಕೊಂಡು ಬಂದು ಎಲೆಯ ಬಲಗಡೆ ಇಟ್ಟಳು. ಕರ್ಪೂರ ಹಚ್ಚಿ, ಹೋದವರು ಬಂದು ಉಣ್ಣಲಿ ಎಂದು ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ರೂಢಿಯಂತೆ ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ತಟ್ಟಿ ಒಳಗೆ ಹೋಗಬೇಕು. ಮಗ ತಟ್ಟಲು ಕೈ ಎತ್ತಿದ. ಸೊಸೆ ಅವನ ಕೈ ಹಿಡಿದುಕೊಂಡಳು.

"ತಡೀರಿ," ಎಂದಳು. "ಬಿಸಿ ಐತೆ. ಊದ್ಕಂಡ್ ಕುಡೀಲಿ."